ದಿಡ್ಡಿ ಬಾಗಿಲು

ಗದಗ ನಗರದಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ಬಿಂಕದಕಟ್ಟಿ ಎಂಬ ಗ್ರಾಮವಿದೆ. ಗದಗ ಸೀಮೆಯ ಮಕ್ಕಳಿಗೆ ಈ ಊರಿನ ಹೆಸರನ್ನು ಕೇಳಿದೊಡನೆ ನೆನಪಾಗುವುದು ಅಲ್ಲಿಯ ಪ್ರಾಣಿಸಂಗ್ರಹಾಲಯ. ಚಿರತೆಯಂಥ ಹಿಂಸ್ರಪ್ರಾಣಿಗಳನ್ನು ಸಾಕುವ ಇಂತಹ ಸ್ಥಳಗಳಲ್ಲಿ ಪಾಲಕನು ಒಳಹೋಗುವ ದಾರಿಗೆ ಒಂದರ ಹಿಂದೆ ಒಂದರಂತೆ ಎರಡು ಬಾಗಿಲುಗಳನ್ನು ಇಡುವುದು ರೂಢಿ. ಮೊದಲನೆಯ ಬಾಗಿಲನ್ನು ಮುಚ್ಚಿ ಅಗುಳಿ ಹಾಕಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು. ಒಂದು ಗಟ್ಟಿಯಾದ ಬಾಗಿಲಿದ್ದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಕಬ್ಬಿಣದ ಬಾಗಿಲನ್ನು ಮುರಿದು ಪ್ರಾಣಿಯು ಹೊರಬೀಳುವುದು ಬಹಳ ಅಪರೂಪ. ಆದರೆ ಅಗುಳಿ ಹಾಕಲು ಮನುಷ್ಯನು ಮರೆಯುವುದು ಅಷ್ಟೇನೂ ಅಪರೂಪವಲ್ಲ. ಎರಡನೆಯ ಬಾಗಿಲು ಇರುವುದು ಈ ಮರೆವಿಗಾಗಿಯೇ.

ಪ್ರಾಣಿಸಂಗ್ರಹಾಲಯದಲ್ಲಿ ಅಪಾಯವು ಒಳಗಿರುತ್ತದೆ, ಅದು ಹೊರಗೆ ಬಾರದಂತೆ ಕಾಯಬೇಕು. ಮನೆಯಲ್ಲಿ ಅಪಾಯವು ಹೊರಗಿರುತ್ತದೆ, ಅದು ಒಳಗೆ ಬಾರದಂತೆ ಕಾಯಬೇಕು. ಕಾಯುವ ರೀತಿ ಮಾತ್ರ ಎರಡು ಕಡೆಗೂ ಒಂದೇ. ಹಿಂದಿನ ಕಾಲದ ಮನೆಗೆ ತಲೆಬಾಗಿಲು, ಹಿತ್ತಲ ಬಾಗಿಲು ಎಂದು ಎರಡೇ ದ್ವಾರಗಳಿದ್ದವು. ಈಗ ಮೂರನೆಯದೊಂದು ಬಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಹಗಲಿರುಳೆನ್ನದೆ ತೆರೆದೇ ಇರುತ್ತದೆ. ಅದರ ಹೊಸ್ತಿಲನ್ನು ದಾಟಿದರೆ ಇಡೀ ಜಗತ್ತೇ ಎದುರಿಗಿದೆ. ಅದೇ ಗಣಕಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸುವ ಬಾಗಿಲು.

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲದ ಸೌಲಭ್ಯವು ದೊರೆತದ್ದು 1995ರ ಆಗಸ್ಟ್ 15ರಂದು. ಆಗ ಅದು ದೊಡ್ಡ ನಗರಗಳ ಕೆಲವರ ಸೊತ್ತಾಗಿತ್ತು. ಈಗ ಬೆಟಗೇರಿಯ ನೇಕಾರರ ಮನೆಯಲ್ಲಿಯೂ ಮುಂಡರಗಿಯ ಒಕ್ಕಲಿಗರ ಮನೆಯಲ್ಲಿಯೂ ಅದು ನೆಲೆಸಿದೆ. ಮೇಜಿನ ಮೇಲಿನ ಯಂತ್ರವಷ್ಟೇ ಗಣಕಯಂತ್ರವಲ್ಲ. ಅಂಗಿಯ ಜೇಬಿನಲ್ಲಿರುವ ಮೊಬೈಲೂ ಪೂರ್ಣ ಪ್ರಮಾಣದ ಗಣಕಯಂತ್ರವೇ. ಉಳ್ಳಾಗಡ್ಡಿ ಮಾರಿ ಬಂದ ಹಣ, ಅಜ್ಜಿಯ ಪಿಂಚಣಿ, ಮಗಳ ವಿದ್ಯಾರ್ಥಿವೇತನ, ಹೊಲದ ಪಹಣಿ, ಮದುವೆಯ ಚಿತ್ರಗಳು ಎಲ್ಲವೂ ಈ ಯಂತ್ರದ ಮೂಲಕವೇ ಸಾಗುತ್ತವೆ. ಇಷ್ಟೊಂದು ಬೆಲೆಬಾಳುವ ವಸ್ತುಗಳಿರುವ ಮನೆಯನ್ನು ಕಾಯುವವರು ಯಾರು? ಬಹುಪಾಲು ಮನೆಗಳಲ್ಲಿ ಪ್ರೌಢಶಾಲೆಯ ಹುಡುಗನೋ ಹುಡುಗಿಯೋ ಆ ಕಾವಲುಗಾರರು. ಹೊಸ ಮೊಬೈಲ್ ಬಂದರೆ ಅದನ್ನು ಅಣಿಗೊಳಿಸುವವರು ಅವರು. ಅಜ್ಜನಿಗೆ ಸಂದೇಶವನ್ನು ಓದಿ ಹೇಳುವವರೂ ಅವರು. ಗಣಕಯಂತ್ರದಲ್ಲಿ ಯಾರಿಗೆ ಉತ್ಸಾಹ ಹೆಚ್ಚೋ ಅವರ ಕೈಯಲ್ಲಿಯೇ ಮನೆಯ ಬೀಗದ ಕೈಗಳಿರುತ್ತವೆ.

ಬೀಗದ ಕೈ ಎಂದರೆ ಇಲ್ಲಿ ಪಾಸ್‌ವರ್ಡ್. 1960ರ ದಶಕದ ಆರಂಭದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿತ್ತು. ಒಬ್ಬರ ಕಡತವನ್ನು ಮತ್ತೊಬ್ಬರು ನೋಡದಿರಲೆಂದು ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಪದವನ್ನು ಗೊತ್ತುಮಾಡಲಾಯಿತು. ಆ ಏರ್ಪಾಟು ಇಂದಿಗೂ ನಡೆದು ಬಂದಿದೆ. ಆದರೆ ಗುಟ್ಟಿನ ಪದವನ್ನು ಊಹಿಸಲು ಯತ್ನಿಸುವವನು ಈಗ ಮನುಷ್ಯನಲ್ಲ, ಮತ್ತೊಂದು ಯಂತ್ರ. ಅದರ ವೇಗವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಂಗ್ಲಿಷಿನ 26 ಚಿಕ್ಕ ಅಕ್ಷರಗಳಿಂದ ಆರು ಅಕ್ಷರಗಳ ಪದವನ್ನು ಕಟ್ಟುವುದಾದರೆ ಸುಮಾರು 30 ಕೋಟಿ 89 ಲಕ್ಷ ಪದಗಳು ಸಾಧ್ಯ. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ. ಆದರೆ ಯಾವುದೋ ಸಂಸ್ಥೆಯಿಂದ ಕದ್ದ ಗೂಢದಾಖಲೆಯನ್ನು ಮುಂದಿಟ್ಟುಕೊಂಡು, ಕಳ್ಳನ ಯಂತ್ರವು ಸೆಕೆಂಡಿಗೆ 100 ಕೋಟಿ ಪದಗಳನ್ನು ಪರೀಕ್ಷಿಸುತ್ತದೆ ಎಂದು ಭಾವಿಸಿದರೆ, ಅವೆಲ್ಲವನ್ನೂ ಪರೀಕ್ಷಿಸಲು ಸೆಕೆಂಡಿನ ಮೂರನೆಯ ಒಂದು ಭಾಗವೂ ಬೇಕಾಗಿಲ್ಲ. ಅದೇ ಪದವು ಹನ್ನೆರಡು ಅಕ್ಷರಗಳದಾದರೆ ಸುಮಾರು ಮೂರು ವರ್ಷ ಬೇಕು. ಹದಿನಾರು ಅಕ್ಷರಗಳದಾದರೆ 13 ಲಕ್ಷಕ್ಕೂ ಹೆಚ್ಚು ವರ್ಷ ಬೇಕು. ಅಕ್ಷರಗಳಲ್ಲಿ ಊಹಿಸಬಹುದಾದ ಕ್ರಮ ಯಾವುದೂ ಇರಬಾರದೆಂಬುದೊಂದೇ ಇಲ್ಲಿಯ ನಿಬಂಧನೆ. ಮಗುವಿನ ಹೆಸರು, ಜನ್ಮದಿನಾಂಕ, ಮನೆದೇವರ ಹೆಸರು ಮುಂತಾದವು ಎಷ್ಟು ಉದ್ದವಿದ್ದರೂ ದುರ್ಬಲವೇ, ಏಕೆಂದರೆ ಅವು ನೆರೆಹೊರೆಯವರಿಗೂ ಗೊತ್ತು. ಪರಸ್ಪರ ಸಂಬಂಧವೇ ಇಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡುವುದಕ್ಕೂ ಸುಲಭ, ಊಹಿಸುವುದಕ್ಕೂ ಕಠಿಣ.

ಎಷ್ಟೇ ಗಟ್ಟಿಯಾದ ಪಾಸ್‌ವರ್ಡ್ ಆದರೂ ಅದನ್ನು ಎಲ್ಲೆಡೆಗೂ ಬಳಸಬಾರದು. ಮನೆ, ಕಣಜ, ಪೆಟ್ಟಿಗೆಗಳಿಗೆಲ್ಲ ಒಂದೇ ಬೀಗದ ಕೈ ಇಟ್ಟವನು ಆ ಒಂದನ್ನು ಕಳೆದುಕೊಂಡ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಆಟದ ಜಾಲತಾಣವೊಂದರಿಂದ ಸೋರಿಹೋದ ಪಾಸ್‌ವರ್ಡನ್ನು ಕಳ್ಳರು ಮೊದಲು ಪ್ರಯೋಗಿಸುವುದು ಅದೇ ವ್ಯಕ್ತಿಯ ಮಿಂಚಂಚೆಯ ಮೇಲೆ. ಮಿಂಚಂಚೆಯು ವಶವಾದರೆ ಉಳಿದ ಖಾತೆಗಳ ಪಾಸ್‌ವರ್ಡುಗಳನ್ನೂ ಅವರು ಬದಲಾಯಿಸಿಕೊಳ್ಳಬಲ್ಲರು. ಆದುದರಿಂದ ಮಿಂಚಂಚೆಗೂ ಬ್ಯಾಂಕಿಗೂ ಪ್ರತ್ಯೇಕ ಪಾಸ್‌ವರ್ಡುಗಳು ಇರಲೇಬೇಕು. ನೆನಪು ಸಾಲದಿದ್ದರೆ ಅವುಗಳನ್ನು ಭದ್ರವಾಗಿ ಕಾಪಾಡುವ ತಂತ್ರಾಂಶಗಳಿವೆ. ಅದೂ ಬೇಡವೆನ್ನುವ ಹಿರಿಯರು ಒಂದು ಪುಸ್ತಕದಲ್ಲಿ ಬರೆದು ತಿಜೋರಿಯಲ್ಲಿಟ್ಟರೂ ಆದೀತು. ಎಲ್ಲೆಡೆಗೂ ಒಂದೇ ಪದವನ್ನು ಬಳಸುವುದಕ್ಕಿಂತ ಅದು ಎಷ್ಟೋ ಮೇಲು.

ಬಿಂಕದಕಟ್ಟಿಯ ನೆನಪಿನೊಡನೆ ಆರಂಭಿಸಿದ ಎರಡನೆಯ ಬಾಗಿಲಿನ ವಿಚಾರಕ್ಕೆ ಈಗ ಬರಬಹುದು. ಪಾಸ್‌ವರ್ಡ್ ಹೇಳಿದ ಮೇಲೆಯೂ ಬ್ಯಾಂಕು ಮೊಬೈಲಿಗೆ ಒಂದು ಅಂಕಿಯನ್ನು ಕಳುಹಿಸಿ ಅದನ್ನೂ ಕೇಳುತ್ತದೆ. ಜನರು ಅದನ್ನು ಒ.ಟಿ.ಪಿ. ಎನ್ನುತ್ತಾರೆ. ಮೊದಲನೆಯದು ಒಡೆಯನಿಗೆ ಗೊತ್ತಿರುವ ಗುಟ್ಟು. ಎರಡನೆಯದು ಒಡೆಯನ ಕೈಯಲ್ಲಿರುವ ವಸ್ತುವಿಗೆ ಬರುವ ಗುರುತು. ಗುಟ್ಟನ್ನು ಕದ್ದವನ ಬಳಿ ಆ ವಸ್ತು ಇರುವುದಿಲ್ಲವಾದ್ದರಿಂದ ಅವನು ಎರಡು ಬಾಗಿಲುಗಳ ನಡುವೆಯೇ ನಿಂತುಬಿಡುತ್ತಾನೆ. ಮಿಂಚಂಚೆಗೂ ಸಂದೇಶ ಕಳುಹಿಸುವ ಖಾತೆಗಳಿಗೂ ಈ ಎರಡು ಹಂತದ ಪರಿಶೀಲನೆಯನ್ನು ಏರ್ಪಡಿಸಿಕೊಳ್ಳಲು ಐದು ನಿಮಿಷ ಸಾಕು. ಆದರೆ ಆ ಅಂಕಿಯನ್ನು ಒಡೆಯನೇ ಪರರಿಗೆ ಓದಿ ಹೇಳಿದರೆ ಎರಡಲ್ಲ, ಹತ್ತು ಬಾಗಿಲುಗಳಿದ್ದರೂ ವ್ಯರ್ಥ.

ಬಾಗಿಲುಗಳನ್ನು ಭದ್ರಪಡಿಸಿದ ಮೇಲೆ ಗೋಡೆಯನ್ನೂ ನೋಡಬೇಕು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಥೆಯಲ್ಲಿ ಶತ್ರುಗಳು ನುಗ್ಗಲು ಆರಿಸಿಕೊಂಡದ್ದು ಹೆಬ್ಬಾಗಿಲನ್ನಲ್ಲ, ಒಬ್ಬ ಮನುಷ್ಯ ತೂರಬಹುದಾದ ಕಿಂಡಿಯನ್ನು. ಒನಕೆ ಓಬವ್ವನ ಹೆಸರು ಆ ಕಿಂಡಿಯೊಂದಿಗೇ ಉಳಿದಿದೆ. ಗಣಕಯಂತ್ರವನ್ನು ನಡೆಸುವ ತಂತ್ರಾಂಶದಲ್ಲಿಯೂ ಇಂತಹ ಕಿಂಡಿಗಳಿರುತ್ತವೆ. ಲಕ್ಷಾಂತರ ಸಾಲುಗಳ ಬರವಣಿಗೆಯಲ್ಲಿ ಕೆಲವು ತಪ್ಪುಗಳು ನುಸುಳುವುದು ಸಹಜ. ತಪ್ಪು ತಿಳಿದುಬಂದಾಗ ತಯಾರಕರು ಅದನ್ನು ಮುಚ್ಚುವ ತೇಪೆಯನ್ನು ಕಳುಹಿಸುತ್ತಾರೆ. ‘ಅಪ್‌ಡೇಟ್’ ಎಂದು ತೆರೆಯ ಮೇಲೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಇದೇ. ಆಟದ ಮಧ್ಯೆ ಅಡ್ಡಿ ಬಂದಿತೆಂದು ಅನೇಕರು ಅದನ್ನು ನಾಳೆಗೆ ಮುಂದೂಡುತ್ತಾರೆ. ಮುಂದೂಡಿದುದರ ಫಲವನ್ನು ಜಗತ್ತು 2017ರಲ್ಲಿ ಕಂಡಿತು. ಆ ವರ್ಷದ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಹೊರಬಿದ್ದು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳನ್ನು ಹೊಕ್ಕಿತು. ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ವಿಷಾದದ ಸಂಗತಿಯೆಂದರೆ, ಆ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ ತಿಂಗಳಲ್ಲಿಯೇ ಕಳುಹಿಸಿತ್ತು. ಎರಡು ತಿಂಗಳ ಕಾಲ ತೇಪೆ ಹಾಕಿಕೊಳ್ಳದೆ ಉಳಿದ ಯಂತ್ರಗಳು ಬಲಿಯಾದವು. ಯಂತ್ರಕ್ಕೆ ವಯಸ್ಸಾದಂತೆ ತೇಪೆಗಳು ಬರುವುದೂ ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿದ್ದ ವಿಂಡೋಸ್ 10 ತಂತ್ರಾಂಶಕ್ಕೆ ಸಾಮಾನ್ಯ ಪಾಲನೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪಾಲನೆ ಮುಗಿದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನು ನಡೆಸುವುದು ಜಾಣತನವಲ್ಲ.

ಮನೆಯ ಮೂಲೆಯಲ್ಲಿ ಮಿಣುಕುವ ರೌಟರ್ ಪೆಟ್ಟಿಗೆಯನ್ನು ಬಹುಮಂದಿ ಮರೆತೇಬಿಡುತ್ತಾರೆ. ಕಾರ್ಖಾನೆಯಿಂದ ಬರುವಾಗ ಅದಕ್ಕೆ ಎಲ್ಲರಿಗೂ ಗೊತ್ತಿರುವಂತಹ ಪಾಸ್‌ವರ್ಡ್ ಇರುವುದುಂಟು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂತಹ ಅರವತ್ತರಷ್ಟು ಕಾರ್ಖಾನೆಯ ಪಾಸ್‌ವರ್ಡುಗಳ ಪಟ್ಟಿಯೊಂದನ್ನೇ ಹಿಡಿದು ಲೋಕದ ಲಕ್ಷಾಂತರ ರೌಟರುಗಳನ್ನೂ ಕಾವಲು ಕ್ಯಾಮೆರಾಗಳನ್ನೂ ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಆ ಸೈನ್ಯವು ಒಟ್ಟಾಗಿ ದಾಳಿಯಿಟ್ಟಾಗ ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಸ್ತಬ್ಧವಾದವು. ತಮ್ಮ ಮನೆಯನ್ನು ಕಾಯಲು ತಂದಿಟ್ಟ ಕ್ಯಾಮೆರಾವೇ ಪರರ ಮೇಲೆ ದಂಡೆತ್ತಿ ಹೋಯಿತೆಂಬುದು ಅದರ ಒಡೆಯರಿಗೆ ತಿಳಿಯಲೇ ಇಲ್ಲ. ಹೊಸ ರೌಟರ್ ಬಂದ ದಿನವೇ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಾಯಿಸಿದ್ದರೆ ಈ ದುಃಸ್ಥಿತಿಯನ್ನು ತಪ್ಪಿಸಬಹುದಾಗಿತ್ತು.

ಇಷ್ಟಾದರೂ ಮನೆಯು ಪೂರ್ಣವಾಗಿ ಸುರಕ್ಷಿತವಾಯಿತೆಂದು ಹೇಳಲಾಗದು. ಗೋಡೆ ಕೊರೆಯುವ ಕಳ್ಳನಿಗಿಂತ ಬಾಗಿಲು ತಟ್ಟಿ ನೀರು ಕೇಳುವ ಕಳ್ಳನು ಹೆಚ್ಚು ಅಪಾಯಕಾರಿ. ಅವನು ಬೀಗವನ್ನು ಮುರಿಯುವುದಿಲ್ಲ, ಒಳಗಿನವರಿಂದಲೇ ತೆರೆಸುತ್ತಾನೆ. ಅದಕ್ಕೆ ಅವನು ಬಳಸುವ ಸಾಧನಗಳು ಮೂರು: ಆಸೆ, ಭಯ ಮತ್ತು ಅವಸರ. ಮದುವೆಯ ಕಾಲದಲ್ಲಿ ಪರಿಚಿತರ ಸಂಖ್ಯೆಯಿಂದಲೇ ಮೊಬೈಲಿಗೆ ಒಂದು ಆಮಂತ್ರಣ ಬರುತ್ತದೆ. ಒತ್ತಿದರೆ ಪತ್ರಿಕೆ ತೆರೆದುಕೊಳ್ಳುವುದಿಲ್ಲ. ತಂತ್ರಾಂಶವೊಂದನ್ನು ಹೂಡಲು ಅನುಮತಿ ಕೇಳುತ್ತದೆ. ಇಂತಹ ಕಡತದ ಹೆಸರು ‘ಎ.ಪಿ.ಕೆ.’ ಎಂಬ ಮೂರಕ್ಷರಗಳಿಂದ ಕೊನೆಗೊಳ್ಳುತ್ತದೆ. ಅನುಮತಿಯಿತ್ತರೆ ಅದು ಮೊಬೈಲಿಗೆ ಬರುವ ಸಂದೇಶಗಳನ್ನು ಓದಿ ಕಳ್ಳನಿಗೆ ರವಾನಿಸತೊಡಗುತ್ತದೆ. ಬ್ಯಾಂಕಿನ ಒ.ಟಿ.ಪಿ.ಯೂ ಹಾಗೆಯೇ ಅವನಿಗೆ ತಲುಪುತ್ತದೆ. ಆಮಂತ್ರಣವೆಂಬುದು ಓದುವ ಪತ್ರ. ಓದುವ ಪತ್ರಕ್ಕೆ ತಂತ್ರಾಂಶವನ್ನು ಹೂಡುವ ಅಗತ್ಯವೇನು ಎಂದು ಒಂದು ಕ್ಷಣ ಪ್ರಶ್ನಿಸಿಕೊಂಡರೆ ಮೋಸವು ಅಲ್ಲಿಯೇ ಬಯಲಾಗುತ್ತದೆ.

ಹಣದ ವ್ಯವಹಾರದಲ್ಲಿ ನೆನಪಿಡಬೇಕಾದ ಸರಳ ನಿಯಮವೊಂದಿದೆ. 2016ರಲ್ಲಿ ಬಳಕೆಗೆ ಬಂದ ಯು.ಪಿ.ಐ. ಪದ್ಧತಿಯಲ್ಲಿ ಗುಟ್ಟಿನ ಅಂಕಿಯನ್ನು ಒತ್ತಬೇಕಾದದ್ದು ಹಣವನ್ನು ಕೊಡುವಾಗ. ಪಡೆಯುವುದಕ್ಕೆ ಅದು ಬೇಕಾಗಿಲ್ಲ. ‘ನಿಮಗೆ ಹಣ ಬಂದಿದೆ, ಗುಟ್ಟಿನ ಅಂಕಿಯನ್ನು ಒತ್ತಿ’ ಎಂದವನು ಕೊಡಲು ಬಂದವನಲ್ಲ, ಕೀಳಲು ಬಂದವನು. ಬ್ಯಾಂಕಿನ ಜಾಲತಾಣವನ್ನು ಗುರುತಿಸುವುದಕ್ಕೂ ಈಗ ಒಂದು ಲಕ್ಷಣವಿದೆ. ಭಾರತೀಯ ಬ್ಯಾಂಕುಗಳ ವಿಳಾಸಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿ, ಅದಕ್ಕೆ 2025ರ ಅಕ್ಟೋಬರ್ 31ರ ಗಡುವನ್ನು ಕೊಟ್ಟಿತ್ತು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ ಈ ವಿಳಾಸವನ್ನು ತಾವೇ ಬೆರಳಚ್ಚಿಸುವುದು ಒಳ್ಳೆಯ ಅಭ್ಯಾಸ.

ಭಯವನ್ನು ಬಳಸುವ ಮೋಸವು ಇನ್ನೂ ಕ್ರೂರವಾದುದು. ಪೊಲೀಸ್ ಉಡುಪನ್ನು ಧರಿಸಿದವನೊಬ್ಬನು ಮೊಬೈಲಿನ ತೆರೆಯ ಮೇಲೆ ಕಾಣಿಸಿಕೊಂಡು, ‘ನಿಮ್ಮ ಹೆಸರಿನ ಪೊಟ್ಟಣದಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ, ತೆರೆಯ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ’ ಎಂದು ಗದರಿಸುತ್ತಾನೆ. ಹೆದರಿದ ವೃದ್ಧರು ಬಾಳಿನ ಉಳಿತಾಯವನ್ನೆಲ್ಲ ಅವನು ಹೇಳಿದ ಖಾತೆಗೆ ಹಾಕಿಬಿಡುತ್ತಾರೆ. ಭಾರತದ ಯಾವ ಕಾನೂನಿನಲ್ಲಿಯೂ ಮೊಬೈಲ್ ತೆರೆಯ ಮೂಲಕ ಬಂಧಿಸುವ ವಿಧಾನವಿಲ್ಲ. ಯಾವ ನಿಜವಾದ ಅಧಿಕಾರಿಯೂ ತನಿಖೆಗಾಗಿ ಹಣವನ್ನು ವರ್ಗಾಯಿಸಲು ಹೇಳುವುದಿಲ್ಲ. ‘ಮನೆಯವರಿಗೆ ಹೇಳಬೇಡಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮಾಡಬೇಕಾದ ಮೊದಲನೆಯ ಕೆಲಸವೆಂದರೆ ಮನೆಯವರಿಗೆ ಹೇಳುವುದು. ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಭಾವಚಿತ್ರವನ್ನು ಬಯಲುಮಾಡುವೆನೆಂದು ಯಾರಾದರೂ ಬೆದರಿಸಿದರೆ ಅದನ್ನು ಒಬ್ಬರೇ ನುಂಗಿಕೊಂಡು ಕೂರಬಾರದು. ತಾಯಿತಂದೆಯರಿಗೆ, ಗುರುಗಳಿಗೆ, ಇಲ್ಲವೇ ಮಕ್ಕಳ ಸಹಾಯವಾಣಿಯಾದ 1098ಕ್ಕೆ ತಿಳಿಸಬೇಕು.

ಇನ್ನು ಉತ್ಸಾಹಿಗಳಿಗೆ ಮೀಸಲಾದ ಎಚ್ಚರಿಕೆಯೊಂದಿದೆ. ಏನೂ ತಿಳಿಯದ ಅಜ್ಜನು ಅನುಮಾನವಿರುವುದನ್ನು ಮುಟ್ಟುವುದೇ ಇಲ್ಲ. ಸ್ವಲ್ಪ ತಿಳಿದವನು ಎಲ್ಲವನ್ನೂ ಮುಟ್ಟುತ್ತಾನೆ. ಹಣ ಕೊಟ್ಟು ಕೊಳ್ಳಬೇಕಾದ ಆಟವು ಎಲ್ಲಿಯೋ ಪುಕ್ಕಟೆಯಾಗಿ ಸಿಕ್ಕಿತೆಂದು ಇಳಿಸಿಕೊಳ್ಳುತ್ತಾನೆ. ಅದನ್ನು ಹೂಡಲು ಅಡ್ಡಿಯಾಯಿತೆಂದು ವೈರಸ್‌ನಿರೋಧಕ ತಂತ್ರಾಂಶವನ್ನೇ ನಿಲ್ಲಿಸಿಬಿಡುತ್ತಾನೆ. ಪುಕ್ಕಟೆ ಆಟದೊಳಗೆ ಕುಳಿತು ಬಂದ ಕಳ್ಳನು ಅದೇ ಯಂತ್ರದಲ್ಲಿ ತಂದೆಯ ಬ್ಯಾಂಕಿನ ಪಾಸ್‌ವರ್ಡನ್ನು ಕಾದು ಕುಳಿತಿರುತ್ತಾನೆ. ಹೀಗೆ ಮನೆಯ ಕಾವಲುಗಾರನೇ ದಿಡ್ಡಿ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ.

ಕೇವಲ ಕುತೂಹಲದಿಂದಲೂ ಹಾನಿಯುಂಟಾಗಬಹುದು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ 22 ವರ್ಷದ ರಾಬರ್ಟ್ ಮಾರಿಸ್ ಎಂಬಾತನು ತಾನೇ ಹರಡಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಮನ್ನು ಅಂತರ್ಜಾಲಕ್ಕೆ ಬಿಟ್ಟನು. ಅದರಲ್ಲಿದ್ದ ದೋಷದಿಂದ ಅದು ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ಅಂಟಿಕೊಂಡಿತು. ಸುಮಾರು 6000 ಗಣಕಯಂತ್ರಗಳು, ಅಂದರೆ ಆಗಿನ ಅಂತರ್ಜಾಲದ ಹತ್ತನೆಯ ಒಂದು ಭಾಗ, ಕುಸಿದವೆಂದು ಅಂದಾಜು ಮಾಡಲಾಯಿತು. ನ್ಯಾಯಾಲಯವು ಅವನಿಗೆ ದಂಡವನ್ನೂ 400 ಗಂಟೆಗಳ ಸಮಾಜಸೇವೆಯನ್ನೂ ವಿಧಿಸಿತು. ಮುಂದೆ ಆತನು ಪ್ರಾಧ್ಯಾಪಕನಾಗಿ ಗೌರವ ಗಳಿಸಿದನೆಂಬುದು ಸಮಾಧಾನದ ಸಂಗತಿ. ಭಾರತದಲ್ಲಿಯೂ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಪರರ ಗಣಕಯಂತ್ರವನ್ನು ಅನುಮತಿಯಿಲ್ಲದೆ ದುರುದ್ದೇಶದಿಂದ ಹೊಕ್ಕವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಬೀಗವನ್ನು ಹೇಗೆ ತೆರೆಯಬಹುದೆಂದು ಕಲಿಯುವುದು ವಿದ್ಯೆ. ನೆರೆಯವರ ಬೀಗದ ಮೇಲೆ ಆ ವಿದ್ಯೆಯನ್ನು ಪ್ರಯೋಗಿಸುವುದು ಅಪರಾಧ.

ಎಷ್ಟು ಎಚ್ಚರವಾಗಿದ್ದರೂ ಒಮ್ಮೊಮ್ಮೆ ಅನಾಹುತವು ಸಂಭವಿಸಿಯೇ ತೀರುತ್ತದೆ. ಅಂತಹ ದಿನಕ್ಕಾಗಿ ಎರಡು ಸಿದ್ಧತೆಗಳು ಅವಶ್ಯ. ಮೊದಲನೆಯದು, ಮುಖ್ಯವಾದ ಕಡತಗಳ ಪ್ರತಿಗಳನ್ನು ಬೇರೆಡೆ ಇಡುವುದು. ಗದುಗಿನ ನಾರಣಪ್ಪನ ಭಾರತವು ಇಷ್ಟು ಶತಮಾನಗಳನ್ನು ದಾಟಿ ಬಂದದ್ದು, ಲಿಪಿಕಾರರು ಅದನ್ನು ಓಲೆಯಿಂದ ಓಲೆಗೆ ಪ್ರತಿಮಾಡಿ ಹಲವು ಊರುಗಳಲ್ಲಿ ಕಾಪಾಡಿದುದರಿಂದ. ಒಂದು ಊರಿನ ಕಟ್ಟನ್ನು ಗೆದ್ದಲು ತಿಂದರೂ ಮತ್ತೊಂದು ಊರಿನ ಕಟ್ಟು ಉಳಿಯಿತು. ಮನೆಯ ಚಿತ್ರಗಳನ್ನೂ ಪತ್ರಗಳನ್ನೂ ಪ್ರತ್ಯೇಕ ಡಿಸ್ಕಿನಲ್ಲಿ ತುಂಬಿ, ಕೆಲಸ ಮುಗಿದೊಡನೆ ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ಜೋಡಿಸಿಯೇ ಬಿಟ್ಟರೆ ಯಂತ್ರಕ್ಕೆ ಬಂದ ರೋಗವು ಡಿಸ್ಕಿಗೂ ತಗಲುತ್ತದೆ.

ಎರಡನೆಯ ಸಿದ್ಧತೆಯೆಂದರೆ ತಡಮಾಡದೆ ದೂರು ಕೊಡುವ ಮನಸ್ಸು. ಹಣ ಹೋದುದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಕರೆಮಾಡಿ ತಿಳಿಸಬೇಕು. ಬ್ಯಾಂಕಿಗೂ ಹೇಳಿ ಖಾತೆಯನ್ನು ತಡೆಹಿಡಿಸಬೇಕು. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ಯಾವುದಾದರೂ ಖಾತೆಯಲ್ಲಿ ಇರುವಾಗಲೇ ತಡೆಯಲು ಸಾಧ್ಯವಾದರೆ ಮರಳಿ ದೊರೆಯುವ ಆಸೆಯಿದೆ. ನಗದಾಗಿ ಹೊರಬಿದ್ದ ಮೇಲೆ ಆ ಆಸೆ ಕ್ಷೀಣ. ಆದುದರಿಂದ ಇಲ್ಲಿ ನಿಮಿಷಗಳಿಗೂ ಬೆಲೆಯಿದೆ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ. ಹೀಗಿದ್ದರೂ ಬಹುಮಂದಿ ದೂರು ಕೊಡುವುದಿಲ್ಲ. ಮೋಸಹೋದುದನ್ನು ಹೇಳಿಕೊಂಡರೆ ಜನರು ನಗುವರೆಂಬ ನಾಚಿಕೆ ಅವರ ಬಾಯಿ ಕಟ್ಟುತ್ತದೆ. ಮೋಸಹೋದ ಅಜ್ಜಿಯನ್ನು ‘ನಿನಗೆ ಬುದ್ಧಿಯಿಲ್ಲವೇ’ ಎಂದು ಮೊಮ್ಮಗನು ಗದರಿದರೆ, ಮುಂದಿನ ಸಲ ಅವಳು ಹೇಳುವುದೇ ಇಲ್ಲ. ಅವಳ ಆ ಮೌನವೇ ಕಳ್ಳನಿಗೆ ಬೇಕಾದದ್ದು. ಆದುದರಿಂದ ಮನೆಯ ಕಾವಲುಗಾರನಿಗೆ ಜಾಣತನದೊಂದಿಗೆ ತಾಳ್ಮೆಯೂ ಇರಬೇಕು.

‘ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬುದು ಕನ್ನಡದ ಹಳೆಯ ಗಾದೆ. ಕೋಟೆಯ ಹೆಬ್ಬಾಗಿಲನ್ನು ಮುಚ್ಚುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಒಬ್ಬಿಬ್ಬರ ಓಡಾಟಕ್ಕೆಂದು ಇಟ್ಟ ಚಿಕ್ಕ ದಿಡ್ಡಿಯನ್ನು. ಬದಲಾಯಿಸದ ಪಾಸ್‌ವರ್ಡ್, ಮುಂದೂಡಿದ ತೇಪೆ, ಯೋಚಿಸದೆ ಒತ್ತಿದ ಕೊಂಡಿ, ಪುಕ್ಕಟೆಯಾಗಿ ಇಳಿಸಿಕೊಂಡ ಆಟ ಇವೆಲ್ಲವೂ ಅಂತಹ ದಿಡ್ಡಿಗಳು.

ಹಾಗೆಂದು ಯಾರನ್ನೂ ನಂಬದೆ ಬಾಳಬೇಕೆಂದು ಅರ್ಥವಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಪತ್ತಿನ ಸಂಘವನ್ನು ಕಟ್ಟಿದರು. ನಾಡಿನ ಸಹಕಾರ ಚಳವಳಿಗೆ ಅದು ನಾಂದಿಯಾಯಿತು. ಆ ಕಾಲದ ಹಳ್ಳಿಯ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆಗಾರರು. ಆ ನಂಬಿಕೆಗೆ ಆಧಾರವಿತ್ತು: ಸಾಲ ಕೇಳುವವನ ಮುಖ, ಹೊಲ, ನಡತೆಗಳು ಊರಿಗೆಲ್ಲ ಗೊತ್ತಿದ್ದವು. ನೋಡಿ, ವಿಚಾರಿಸಿ, ಆಮೇಲೆ ನಂಬುವುದು ಅವರ ರೀತಿ. ಅಂತರ್ಜಾಲದಲ್ಲಿ ಎದುರಿಗಿರುವವನ ಮುಖ ಕಾಣುವುದಿಲ್ಲ. ಕಂಡರೂ ಅದು ಅವನದೇ ಎಂಬ ಭರವಸೆಯಿಲ್ಲ. ಆದರೂ ಹಿರಿಯರ ರೀತಿಯನ್ನು ಬಿಡಬೇಕಾಗಿಲ್ಲ. ಬಂದ ಕರೆಯನ್ನು ಇಟ್ಟು, ಗೊತ್ತಿರುವ ಸಂಖ್ಯೆಗೆ ತಾನೇ ಕರೆಮಾಡಿ ವಿಚಾರಿಸುವುದು ಆ ರೀತಿಯ ಇಂದಿನ ರೂಪ. ಅದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ಆ ಒಂದೆರಡು ನಿಮಿಷಗಳ ಹಿಂದೆ ಮುಂಗಾರಿನಿಂದ ಹಿಂಗಾರಿನವರೆಗೆ ತಂದೆ ತಾಯಿಯರು ದುಡಿದ ದುಡಿಮೆಯಿದೆ. ಇದನ್ನು ಅರಿತು ಅಗುಳಿ ಹಾಕುವ ಮಕ್ಕಳಿರುವ ಮನೆಯಲ್ಲಿ ಹಿರಿಯರು ನಿಶ್ಚಿಂತೆಯಿಂದ ನಿದ್ರಿಸಬಹುದು.